ಹೊಟ್ಟಿನ ಒಲೆಯ ಅಕ್ಕ

ಹೋದ ಶುಕ್ರವಾರ ದೇವರಿಗೆ ಮಂಗಳಾರತಿ ಎತ್ತುವಾಗ ಹಣೆಯ ಮೇಲೆ ಇಳಿಬಿದ್ದಿದ್ದ ಒಂದೆಳೆ ಕೂದಲಿಗೆ ಬತ್ತಿಯ ಉರಿ ತಾಗಿತು. ಚುರ್ ಎಂದು ಒಂದು ಸಣ್ಣ ಸದ್ದು, ಆಮೇಲೆ ಆ ವಾಸನೆ. ಒಂದೇ ಎಳೆ... ಬೆರಳಿನಿಂದ ಉಜ್ಜಿಕೊಂಡರೆ ಮುಗಿದುಹೋಗುವಂಥದ್ದು. ಆದರೆ ನನ್ನ ಕೈಯ ತಟ್ಟೆ ವಾಲಿ, ಎಣ್ಣೆ ದೇವರ ಮುಂದಿನ ಮಣೆಗೆಲ್ಲ ಹರಿಯಿತು. ಹೊರಗಿನಿಂದ ಯಜಮಾನರು, "ಏನಾತು?" ಎಂದು ಕೇಳಿದರು. "ಏನಿಲ್ರಿ" ಎಂದೆ. ಏನಿಲ್ಲ ಎನ್ನುವುದು ನನಗೆ ಹಳೆಯ ರೂಢಿ.

ಕೂದಲು ಸುಟ್ಟ ವಾಸನೆ ಬಂದರೆ ಈಗಲೂ ನಾನು ಹುಬ್ಬಳ್ಳಿಯಲ್ಲಿ ಇರುವುದಿಲ್ಲ. ವಿಶಾಖಪಟ್ಟಣದ ಆ ಬಾಡಿಗೆ ಮನೆಯ ಹಿತ್ತಲಲ್ಲಿ, ಸೊಂಟದೆತ್ತರದ ಒಂದು ಕಬ್ಬಿಣದ ಒಲೆಯ ಮುಂದೆ ನಿಂತಿರುತ್ತೇನೆ.

ಮದುವೆಯಾದ ಮರುವರ್ಷದ ಮಾತು, ಎರಡು ಸಾವಿರದ ಆರೋ ಏಳೋ ಇರಬೇಕು. ಯಜಮಾನರಿಗೆ ಪರವಾಡದ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸ. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಬರುವುದು ಸಂಜೆಗೇ. ಗದಗಿನ ಕಡೆಯ ಹಳ್ಳಿಯಿಂದ ಬಂದ ನನಗೆ ಆ ಊರಿನಲ್ಲಿ ಎಲ್ಲವೂ ಭಯ. ಸಮುದ್ರ ಭಯ, ಬಸ್ಸು ಭಯ, ಬಾಗಿಲು ಬಡಿದು ತೆಲುಗಿನಲ್ಲಿ ಏನೋ ಕೇಳುವವರೆಂದರೆ ಭಯ. ಎಲ್ಲಕ್ಕಿಂತ ಹೆಚ್ಚು ಬೆಂಕಿ. ನನ್ನ ಚಿಕ್ಕಮ್ಮ ಪಂಪ್ ಸ್ಟವ್ ಸಿಡಿದು ತೀರಿಕೊಂಡಾಗ ನಾನು ಎಂಟು ವರ್ಷದವಳು. ಅಂದಿನಿಂದ ಗ್ಯಾಸ್ ಹಚ್ಚಬೇಕಾದರೂ ಬನಶಂಕರಿ ತಾಯಿಯನ್ನು ನೆನೆದು, ಮುಖ ಅತ್ತ ತಿರುಗಿಸಿಯೇ ಕಡ್ಡಿ ಗೀರುವವಳು ನಾನು.

ನಮ್ಮದು ಒಂದೇ ಅಂಗಳದ ಎರಡು ಮನೆ. ಪಕ್ಕದ ಮನೆಯಲ್ಲಿದ್ದವರೇ ಅಕ್ಕ. ಅವರ ಹೆಸರು ಹಿಡಿದು ನಾನು ಎಂದೂ ಕರೆದವಳಲ್ಲ, ಇಲ್ಲಿಯೂ ಕರೆಯುವುದಿಲ್ಲ. ವಿಜಯವಾಡದ ಭವಾನಿಪುರಂನವರು. ಆ ಊರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಹದಿನೈದು ವರ್ಷ ಪಾಠ ಹೇಳಿ, ರಜೆ ಹಾಕಿ, ಪಿಎಚ್‌.ಡಿ. ಮಾಡಲೆಂದು ವಿಶಾಖಪಟ್ಟಣಕ್ಕೆ ಬಂದಿದ್ದರು. ಮದುವೆ ಆಗಿರಲಿಲ್ಲ. ದಪ್ಪ ನೂಲಿನ ಸೀರೆ, ಗಂಡಸರ ಕೈಗಡಿಯಾರ, ಉಗುರಿನ ಸಂದಿಯಲ್ಲಿ ಸದಾ ಮಸಿ.

ಮೊದಲ ದಿನವೇ ಹಿತ್ತಲಿನಿಂದ "ಚೆಲ್ಲೀ! ಓ ಚೆಲ್ಲೀ!" ಎಂದು ಕೂಗಿದರು. ನಾನು ಗಾಬರಿಯಾಗಿ ಕೈಯಲ್ಲಿದ್ದ ಹಾಲಿನ ಪಾತ್ರೆ ನೋಡಿಕೊಂಡೆ, ನೆಲ ನೋಡಿದೆ. ಏನೂ ಚೆಲ್ಲಿರಲಿಲ್ಲ. ತೆಲುಗಿನಲ್ಲಿ ಚೆಲ್ಲಿ ಎಂದರೆ ತಂಗಿ ಎಂದು ಗೊತ್ತಾದದ್ದು ಸಂಜೆ ಯಜಮಾನರು ಬಂದ ಮೇಲೆ. ಇನ್ನೊಂದು ದಿನ ಕಿಟಕಿಯಿಂದ ಇಣುಕಿ "ಅನ್ನಂ ಮಾಡಿಪೋತೋಂದಿ!" ಎಂದರು. ಅನ್ನ ಮಾಡಿ ಎನ್ನುತ್ತಿದ್ದಾರೆ, ಪಾಪ ಹಸಿದಿರಬೇಕು ಎಂದುಕೊಂಡು ನಾನು, "ಮಾಡಾಕತ್ತೀನ್ರಿ, ಒಳಗ ಬರ್ರಿ" ಎಂದು ನಕ್ಕೆ. ಅವರು ಓಡಿ ಬಂದು ನನ್ನ ಗ್ಯಾಸ್ ಆರಿಸಿದರು. ಅನ್ನ ತಳ ಹತ್ತಿ ಕರಕಲಾಗುತ್ತಿದೆ ಎಂಬುದು ಆ ಮಾತಿನ ಅರ್ಥವಂತೆ. ಆ ಕರಕಲು ಅನ್ನದ ಮುಂದೆ ಕೂತು ಇಬ್ಬರೂ ನಕ್ಕದ್ದೇ ನಕ್ಕದ್ದು... ನಮ್ಮ ಎರಡು ಭಾಷೆಗಳೂ ಅಕ್ಕತಂಗಿಯರ ಹಾಗೆ. ಒಬ್ಬಳ ಸೀರೆ ಇನ್ನೊಬ್ಬಳು ಉಟ್ಟುಕೊಂಡರೆ ದೂರದಿಂದ ಗುರುತು ಹತ್ತುವುದಿಲ್ಲ. ಆಗ ಅದು ನಗುವ ವಿಷಯವಾಗಿತ್ತು.

ಆರು ತಿಂಗಳಲ್ಲಿ ನಾನು ಅರೆಬರೆ ತೆಲುಗು ಕಲಿತೆ, ಅವರು ಅರೆಬರೆ ಕನ್ನಡ ಕಲಿತರು. ಅವರ ಕನ್ನಡಕ್ಕೆ ಬಾಲ ಮಾತ್ರ ತೆಲುಗಿನದು. "ನಾನು ನೋಡ್ತಾನು, ನಾನು ಬರ್ತಾನು" ಎನ್ನುವರು. ಅವರು ತೆಲುಗಿನಲ್ಲಿ ಆಡಿದ್ದನ್ನೂ ಇಲ್ಲಿ ಹೆಚ್ಚಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕೆಲವು ಮಾತು ಮಾತ್ರ ಕಿವಿಯಲ್ಲಿ ಹಾಗೆಯೇ ಉಳಿದಿವೆ.

ಅವರ ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲಿ, ಪತ್ರಿಕೆಯ ಒಂದು ತುಣುಕು ಅಂಟಿಸಿತ್ತು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮತ್ತು ಸುಸ್ಥಿರ ತಂತ್ರಜ್ಞಾನದಲ್ಲಿ ಸಂಶೋಧನೆ ಮಾಡುವವರಿಗೆ ಅವಕಾಶ ಎಂಬ ಪ್ರಕಟಣೆ. ಈಗಾಗಲೇ ಪಾಠ ಹೇಳುತ್ತಿರುವವರಿಗೆ ಒಂದೇ ಸೀಟು, ವಯಸ್ಸು ನಲವತ್ತು ದಾಟಿರಬಾರದು. ಆ ಸೀಟು ಅಕ್ಕನಿಗೆ ಸಿಕ್ಕಿತ್ತು, ಆದರೆ ಒಂದು ವರ್ಷದ ಮಟ್ಟಿಗೆ. ವರ್ಷದ ಕೊನೆಗೆ ಅವರು ಮಾಡಿದ ಒಲೆಯನ್ನು ಸಮಿತಿಯವರು ನೋಡಿ ಒಪ್ಪಿದರೆ ಗಟ್ಟಿ. ಒಪ್ಪದಿದ್ದರೆ ಮತ್ತೆ ಅರ್ಜಿ ಹಾಕುವ ಹಾಗಿಲ್ಲ, ಅಷ್ಟರಲ್ಲಿ ಅವರಿಗೆ ನಲವತ್ತು ದಾಟಿರುತ್ತಿತ್ತು.

"ಸುಸ್ಥಿರ ಅಂದ್ರ ಏನ್ರಿ ಅಕ್ಕಾ?" ಎಂದು ಒಮ್ಮೆ ಕೇಳಿದ್ದೆ.

"ನಿನ್ನ ಮೊಮ್ಮಗಳು ಅಡಿಗಿ ಮಾಡೋ ಹೊತ್ತಿಗೂ ಉರಿ ಇರಬೇಕು, ಅವಳ ಕಣ್ಣೂ ಇರಬೇಕು. ಅಷ್ಟೇ" ಎಂದರು.

ಅವರದು ಹೊಟ್ಟಿನ ಒಲೆ. ಕೃಷ್ಣಾ ತೀರದ ಅಕ್ಕಿ ಗಿರಣಿಗಳ ಹಿಂದೆ ಭತ್ತದ ಹೊಟ್ಟು ಗುಡ್ಡವಾಗಿ ಬಿದ್ದಿರುತ್ತದಂತೆ. ಅದನ್ನು ಒಂದು ಎತ್ತರದ ಕಬ್ಬಿಣದ ಕೊಳವೆಗೆ ತುಂಬಿ, ಮೇಲಿನಿಂದ ಹೊತ್ತಿಸಿ, ಬುಡದಲ್ಲಿರುವ ಸಣ್ಣ ಫ್ಯಾನಿನಿಂದ ಹದವಾಗಿ ಗಾಳಿ ಬಿಟ್ಟರೆ ಹೊಟ್ಟು ಹೊಗೆಯಾಡದೆ ಅನಿಲವಾಗಿ, ಮೇಲೆ ಗ್ಯಾಸಿನ ಹಾಗೆ ನೀಲಿಯಾಗಿ ಉರಿಯುತ್ತದೆ. ಗಾಳಿ ಎಷ್ಟು ಬೇಕೋ ಅಷ್ಟು ಬಿಡಲು ಪಕ್ಕದಲ್ಲಿ ರೇಡಿಯೋಕ್ಕೆ ಇದ್ದ ಹಾಗೆ ಒಂದು ತಿರುಪು. ಲ್ಯಾಬಿನಲ್ಲಿ ಉರಿದರೆ ಸಾಲದು, ಒಬ್ಬ ಗೃಹಿಣಿ ಮನೆಯಲ್ಲಿ ಕೈಯಾರೆ ಉರಿಸಿ ತೋರಿಸಬೇಕು ಎಂದು ಸಮಿತಿ ಹೇಳಿತ್ತು. ಆ ಗೃಹಿಣಿ ನಾನು. ನಾನು ಬೇಡವೆಂದರೂ ಅಕ್ಕ ಬಿಡಲಿಲ್ಲ. "ನೀನು ಇದಕ್ಕ ಹೆದರತೀ ನೋಡು, ಅದಕ್ಕ ನೀನೇ ಬೇಕು. ಹೆದರದವರು ಎಂಥಾ ಒಲಿಯಾದರೂ ಹಚ್ಚತಾರ" ಎಂದರು.

ಪ್ರತಿಸಲ ಹಚ್ಚುವ ಮೊದಲು ನಾನು ಒಲೆಗೆ ಕುಂಕುಮ ಇಟ್ಟು ಕೈ ಮುಗಿಯುತ್ತಿದ್ದೆ. ಅಕ್ಕ ನಗಲಿಲ್ಲ. ಗಡಿಯಾರ ನೋಡಿ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಏನೆಂದು ಕೇಳಿದರೆ, ಒಲೆ ಹೊತ್ತಿಸಲು ಹಿಡಿಯುವ ಸಮಯದಲ್ಲಿ ಪ್ರಾರ್ಥನೆಗೆ ಅರ್ಧ ನಿಮಿಷ ಎಂದು ಸೇರಿಸಿದ್ದರು! "ಇದನ್ನ ಹಚ್ಚೋ ಹೆಂಗಸರೆಲ್ಲ ಕೈ ಮುಗಿಯೋರೇ. ನಾನು ಬಿಟ್ಟು ಬರೆದರೆ ಅದು ಸುಳ್ಳು ಲೆಕ್ಕ." ಸುಳ್ಳೆಂದರೆ ಅವರಿಗೆ ಅಷ್ಟು ಆಗದು.

ಸಮಿತಿಗೆ ಹತ್ತು ದಿನ ಉಳಿದಿತ್ತು. ಅಂದು ಮಂಗಳವಾರ, ಹಗಲು ಹನ್ನೊಂದರ ಹೊತ್ತು. ಹಿಂದಿನ ಓಣಿಯಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದರು. ಆ ಗದ್ದಲಕ್ಕೆ ಫ್ಯಾನಿನ ಸದ್ದಿರಲಿ, ನಮ್ಮ ಮಾತೇ ನಮಗೆ ಕೇಳುತ್ತಿರಲಿಲ್ಲ. ನಾನು ತಿರುಪಿನ ಹತ್ತಿರ ಕೂತಿದ್ದೆ. ಚೆನ್ನಾಗಿ ಉರಿಯುತ್ತಿದ್ದ ನೀಲಿ ಉರಿ ಪಕ್ಕನೆ ಆರಿ, ಬಿಳಿಯ ದಟ್ಟ ಹೊಗೆ ಏಳತೊಡಗಿತು. ಅಕ್ಕ ಕಾಗದದ ಸುರುಳಿ ಹೊತ್ತಿಸಿಕೊಂಡು ಬಂದು ಒಲೆಯ ಬಾಯಿಗೆ ಬಗ್ಗಿದವರು, ಇನ್ನೊಂದು ಕೈ ನನ್ನ ಕಡೆ ಬೀಸಿ ಕೂಗಿದರು: "ಚಾಲೂ! ಚಾಲೂ!"

ತೆಲುಗಿನಲ್ಲಿ ಚಾಲು ಎಂದರೆ ಸಾಕು. ನನಗೆ ಗೊತ್ತಿರಲಿಲ್ಲವೆಂದಲ್ಲ. ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಎಷ್ಟೋ ಸಲ ಎಲೆಗೆ ಕೈ ಅಡ್ಡ ಹಿಡಿದು "ಚಾಲು ಅಕ್ಕಾ, ಚಾಲು" ಎಂದವಳು ನಾನೇ. ಆದರೆ ನಾನು ಹುಟ್ಟಿದ ಊರಿನಲ್ಲಿ ಅಪ್ಪ ಬಾವಿಯ ಕಡೆಯಿಂದ "ಚಾಲೂ ಮಾಡು!" ಎಂದು ಕೂಗಿದರೆ ಮೋಟಾರಿನ ಗುಂಡಿ ಒತ್ತುವುದು ನನ್ನ ಕೆಲಸವಾಗಿತ್ತು. ಚಾಲೂ ಎಂದರೆ ಹಚ್ಚು, ಶುರು ಮಾಡು. ಗಾಬರಿಯಾದಾಗ ಮನುಷ್ಯನ ಕಿವಿ ಹುಟ್ಟಿದೂರಿಗೇ ಓಡಿಹೋಗುತ್ತದೆ ಎಂದು ತೋರುತ್ತದೆ... ನಾನು ತಿರುಪನ್ನು ಪೂರ್ತಿ ತಿರುಗಿಸಿಬಿಟ್ಟೆ.

ಭುಗ್ ಎಂದು ಒಂದು ಬೆಂಕಿಯ ಉಂಡೆ ಎದ್ದಿತು. ಅಕ್ಕ ಹಿಂದಕ್ಕೆ ಬಿದ್ದರು. ಏನು ಮಾಡಿದೆ ಎಂದು ನನ್ನ ತಲೆಗೆ ಹೊಳೆಯುವ ಮೊದಲೇ ನನ್ನ ಕೈ ತಿರುಪನ್ನು ಸೊನ್ನೆಗೆ ತಂದು ಇಟ್ಟಿತ್ತು. ಆಮೇಲೆ ವಾಸನೆ. ಕೂದಲು ಸುಟ್ಟ ವಾಸನೆ ನನಗೆ ಚಿಕ್ಕಮ್ಮನ ಕಾಲದಿಂದ ಗೊತ್ತು. ನಾನು ಕಿರುಚಲಿಲ್ಲ. ಬಕೆಟ್ಟಿನ ನೀರು ತಂದು ಸುರಿದೆ, ಸುರಿಯುತ್ತಲೇ ಇದ್ದೆ.

ಎಡಗಣ್ಣಿನ ರೆಪ್ಪೆ, ಹುಬ್ಬು ಪೂರ್ತಿ ಹೋಗಿದ್ದವು. ಅಂಗೈ ಕೆಂಪಾಗಿ ಊದಿತ್ತು. ಆಟೋದಲ್ಲಿ ಕಣ್ಣಿನ ಆಸ್ಪತ್ರೆಗೆ ಹೋಗುವಾಗ ಅವರು ಒದ್ದೆ ಸೆರಗನ್ನು ಮುಖಕ್ಕೆ ಒತ್ತಿಕೊಂಡೇ ಕೇಳಿದರು: "ತಿರುಪು ಸೊನ್ನೆಯಲ್ಲಿತ್ತು. ನಾನು ನೋಡಿದೆ. ನಾನು ಹೇಳಿದ ಕೂಡಲೇ ನೀನು ನಿಲ್ಲಿಸಿದೆ ಅಲ್ಲವಾ, ಚೆಲ್ಲೀ?"

"ಹೂಂ" ಎಂದೆ.

ಒಂದೇ ಅಕ್ಷರ. ನಾನು ನನ್ನ ಜೀವಮಾನದಲ್ಲಿ ಆಡಿದ ಎಲ್ಲ ಸುಳ್ಳುಗಳಲ್ಲಿ ಅದೇ ಚಿಕ್ಕದು.

ಕಣ್ಣಿಗೆ ಪಟ್ಟಿ ಕಟ್ಟಿ ಕಳಿಸಿದರು. ವಾರ ಬಿಟ್ಟು ಪಟ್ಟಿ ತೆಗೆದ ಮೇಲೆಯೇ ಏನೆಂದು ಹೇಳಬಹುದು ಎಂದರು ಡಾಕ್ಟರು. ನಾನು ದೇವರ ಮುಂದೆ ಕೂತು ದಯೆಗಳನ್ನು ಎಣಿಸಿದೆ. ಸೀರೆಗೆ ಹತ್ತಲಿಲ್ಲ, ಅದು ಒಂದು ದಯೆ. ಬಲಗಣ್ಣು ಉಳಿಯಿತು, ಎರಡು. ಹಿತ್ತಲಲ್ಲಿ ನೀರು ತುಂಬಿದ ಬಕೆಟ್ ಇತ್ತು, ಮೂರು. ಯಾರೂ ನೋಡಲಿಲ್ಲ ಎಂದು ನಾಲ್ಕನೆಯ ಬೆರಳು ಮಡಚಹೋಗಿ ಹೆದರಿ ನಿಲ್ಲಿಸಿದೆ. ಅದನ್ನು ದೇವರ ದಯೆಯ ಸಾಲಿಗೆ ಹೇಗೆ ಸೇರಿಸುವುದು?

ಮರುದಿನ ಅಕ್ಕ ಒಂದೇ ಕಣ್ಣಿನಲ್ಲಿ ಪುಸ್ತಕ ಹರಡಿಕೊಂಡು ಕೂತರು. ಅವರನ್ನು ಕೊರೆಯುತ್ತಿದ್ದುದು ನೋವಲ್ಲ. ಗಾಳಿ ನಿಂತ ಮೇಲೂ ಒಲೆ ಹಾಗೆ ಭುಗಿಲ್ಲೆಂದಿತಲ್ಲ, ಅದು. ಅವರ ಇಡೀ ಸಂಶೋಧನೆ ನಿಂತಿದ್ದೇ ಆ ಒಂದು ಮಾತಿನ ಮೇಲೆ: ಗಾಳಿ ನಿಲ್ಲಿಸಿದರೆ ಉರಿ ನಿಲ್ಲುತ್ತದೆ, ಯಾವ ಹೆಂಗಸಿಗೂ ಅಪಾಯವಿಲ್ಲ. ಅದೇ ಸುಳ್ಳಾದರೆ ಉಳಿದದ್ದೆಲ್ಲ ಸುಳ್ಳು. ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ನಾನು ಗಂಜಿ ತೆಗೆದುಕೊಂಡು ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಹೇಳಬೇಕು, ಈಗ ಹೇಳಬೇಕು... ಗಂಜಿ ಇಟ್ಟು ಬಂದುಬಿಡುತ್ತಿದ್ದೆ. ಕಣ್ಣು ಹೋದರೆ ನನ್ನಿಂದ ಹೋದ ಹಾಗೆ. ಪೊಲೀಸರು ಬರುತ್ತಾರೆಯೇ? ಯಜಮಾನರ ಕೆಲಸಕ್ಕೆ ಕುತ್ತು ಬರುತ್ತದೆಯೇ? ಇಪ್ಪತ್ತಮೂರು ವರ್ಷದ ನನ್ನ ತಲೆಯಲ್ಲಿ ಏನೆಲ್ಲ ಓಡಿತೋ ಬನಶಂಕರಿಗೇ ಗೊತ್ತು.

ಗುರುವಾರ ಅವರು ತಮ್ಮ ಗೈಡ್ ಜೊತೆ ಫೋನಿನಲ್ಲಿ ಮಾತಾಡಿ ಬಂದು ಹೇಳಿದರು: "ತಪ್ಪು ಎಲ್ಲಿದೆ ಅಂತ ಹುಡುಕಬೇಕು, ಇಲ್ಲಾ ಸೀಟು ಬಿಡಬೇಕು. ಇಂಥ ಒಲಿ ನಾನು ಇನ್ನೊಬ್ಬಳ ಮನಿಗೆ ಕಳಿಸಲಾರೆ." ಒಲೆ ಮಾಡಿಕೊಟ್ಟಿದ್ದು ವಿಜಯವಾಡದ ಆಟೋನಗರದ ಒಬ್ಬ ಮಿಸ್ತ್ರಿ. ಅದನ್ನು ಅವನ ಬಳಿಗೇ ಒಯ್ದು, ಉದ್ದಕ್ಕೆ ಸೀಳಿಸಿ, ಒಳಗೆ ಎಲ್ಲಾದರೂ ಬಿರುಕಿದೆಯೇ ನೋಡುವುದು ಎಂದಾಯಿತು.

ಯಜಮಾನರು, "ಪಾಪ, ಒಂದ ಕಣ್ಣಾಗ ಒಬ್ರ ಹೆಂಗ ಹೋಗ್ತಾರ? ನೀನೂ ಜೋಡಿ ಹೋಗು" ಎಂದರು. ಅವರಿಗೂ ನಾನು ಹೇಳಿರಲಿಲ್ಲ.

ಶುಕ್ರವಾರ ಬೆಳಗಿನ ರೈಲು. ಒಲೆಯನ್ನು ಗೋಣಿತಟ್ಟಿನಲ್ಲಿ ಸುತ್ತಿ ಸೀಟಿನ ಪಕ್ಕ ನಿಲ್ಲಿಸಿದ್ದೆವು. ಎದುರು ಕೂತ ಹೆಂಗಸು ಅಕ್ಕನ ಪಟ್ಟಿ ನೋಡಿದಳು, ಕೊರಳು ನೋಡಿದಳು, ಕೊನೆಗೆ ತಡೆಯಲಾರದೆ, "ಪೆಳ್ಳಿ ಅಯ್ಯಿಂದಾ ಅಮ್ಮಾ?" ಎಂದು ಮದುವೆಯ ವಿಷಯ ಕೇಳಿಯೇಬಿಟ್ಟಳು. ಅಕ್ಕ ಗೋಣಿತಟ್ಟಿನ ಮೇಲೆ ಕೈಯಿಟ್ಟು, "ಇದಿಗೋ, ಈಯನೇ ಮಾ ಆಯನ. ಕೋಪ ಸ್ವಲ್ಪ ಜಾಸ್ತಿ" ಎಂದರು. ಇವರೇ ನಮ್ಮ ಯಜಮಾನರು ಎಂದದ್ದು ಕೇಳಿ ಬೋಗಿಯೆಲ್ಲ ನಕ್ಕಿತು. ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಕಣ್ಣಿಗೆ ಇದ್ದಿಲ ಪುಡಿ ಬಿತ್ತೆಂದು ಹೇಳಿದೆ. ಅದು ಕರೆಂಟಿನ ರೈಲು.

ಭವಾನಿಪುರಂನಲ್ಲಿ ಅಕ್ಕನ ತಾಯಿ ಬಾಗಿಲಲ್ಲೇ ಮಗಳ ಮುಖ ಹಿಡಿದು ನೋಡಿದರು. "ಎರಡು ಹುಬ್ಬಿದ್ದಾಗಲೇ ಯಾರೂ ಬರಲಿಲ್ಲ, ಇನ್ನು ಒಂದೇ ಹುಬ್ಬಿಗೆ ಯಾರು ಬರುತ್ತಾರೆ ನನ್ನವ್ವಾ" ಎಂದು ಬೈದು, ಬೈಯುತ್ತಲೇ ಬಿಕ್ಕಿದರು. ನಾನು ಚಪ್ಪಲಿ ಬಿಡುವ ನೆಪದಲ್ಲಿ ಅಂಗಳದಲ್ಲೇ ಉಳಿದೆ. ಸಂಜೆ ಬೆಟ್ಟದ ಮೇಲಿನ ದುರ್ಗಮ್ಮನ ದರ್ಶನಕ್ಕೆ ಕರೆದುಕೊಂಡು ಹೋದರು. ಎರಡು ಗಂಟೆ ಸಾಲಿನಲ್ಲಿ ನಿಂತು ಏನೆಲ್ಲ ಕೇಳಿಕೊಳ್ಳಬೇಕೆಂದು ಒಳಗೊಳಗೇ ಜೋಡಿಸಿಕೊಂಡಿದ್ದೆ. ಗರ್ಭಗುಡಿಯ ಮುಂದೆ ಬಂದಾಗ ಶುಕ್ರವಾರದ ಜನ ಹಿಂದಿನಿಂದ ನೂಕಿತು. "ತಾಯೀ" ಎನ್ನುವಷ್ಟು ಸಿಕ್ಕಿತು. ಆಮೇಲೆ ಹೊರಗಿದ್ದೆ.

ಶನಿವಾರ ಆಟೋನಗರ. ಎಲ್ಲಿ ನೋಡಿದರೂ ಬಿಚ್ಚಿದ ಲಾರಿಗಳು, ಗ್ರೀಸು, ಸುತ್ತಿಗೆಯ ಪೆಟ್ಟು. ಮಿಸ್ತ್ರಿ ಮುಪ್ಪಿನವನು, ಬಾಯಲ್ಲಿ ಬೀಡಿ. ಅಕ್ಕನ ಮುಖ, ಒಲೆಯ ಬಾಯಿ ಎರಡನ್ನೂ ಒಂದೊಂದು ಸಲ ನೋಡಿ, "ಮೇಡಂಗಾರೂ, ನೀವು ಕೇಳಿದ್ದು ಒಲಿ. ನಾನೇನು ರಾಕೆಟ್ ಮಾಡಿಕೊಟ್ಟೆನಾ?" ಎಂದ. ಆದರೆ ಕತ್ತರಿಸಲು ಅವನಿಗೂ ಮನಸ್ಸಿರಲಿಲ್ಲ. "ನನ್ನ ವೆಲ್ಡಿಂಗ್ ಬಿಡೋದಿಲ್ಲಮ್ಮಾ, ಬರೆದುಕೊಡಲಾ?" ಎಂದು ಎರಡು ಸಲ ಕೇಳಿದ. ಅಕ್ಕ ಕೊಯ್ಯಿ ಎಂದರು. ಕಿಡಿ ಹಾರಿಸುತ್ತ ಒಲೆ ಉದ್ದಕ್ಕೂ ಎರಡು ಹೋಳಾಯಿತು. ಆಗಲೂ ನಾನು ಸುಮ್ಮನೆ ನಿಂತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಒಳಗೆ ಏನೂ ಇರಲಿಲ್ಲ. ಬಿರುಕಿಲ್ಲ, ಜಾಲರಿ ಸೊಟ್ಟಗಾಗಿಲ್ಲ, ಬೆಸುಗೆ ಎಲ್ಲೂ ಬಿಟ್ಟಿಲ್ಲ. ಅಕ್ಕ ಒಂದು ಹಳೆಯ ಟೈರಿನ ಮೇಲೆ ಕೂತುಬಿಟ್ಟರು. "ತಪ್ಪು ಸಿಕ್ಕಿದ್ದರೆ ಸರಿ ಮಾಡುತ್ತಿದ್ದೆ. ಇಲ್ಲಿ ಇಲ್ಲ ಅಂದರೆ ಅದು ನನ್ನ ತಲೆಯಲ್ಲೇ ಇದೆ. ಸೋಮವಾರ ಪತ್ರ ಕೊಟ್ಟುಬಿಡುತ್ತೇನೆ" ಎಂದರು. ಬಲಗಣ್ಣಿನಿಂದ ನೀರು ಇಳಿಯುತ್ತಿತ್ತು. ಎಡಗಣ್ಣಿನದು ಪಟ್ಟಿಯೊಳಗೇ ಉಳಿದಿರಬೇಕು.

ಆಗ ನನ್ನ ಬಾಯಿಂದ ಬಂತು. ಹೇಗೆ ಬಂತೋ ತಿಳಿಯದು.

"ಅಕ್ಕಾ, ನಾ ತಿರುವಿದ್ದೆ."

"ಏಮಿಟಿ?"

"ತಿರುಪು. ಪೂರಾ ತಿರುವಿದ್ದೆ. ಆಮ್ಯಾಲ ಸೊನ್ನಿಗೆ ತಂದಿಟ್ಟೆ. ನೀವ ಚಾಲೂ ಅಂದ್ರಿ..."

"ಅವುನು, ಚಾಲು ಅಂದೆ. ಸಾಕು, ನಿಲ್ಲಿಸು ಅಂತ."

"ನಮ್ಮ ಕಡೆ ಚಾಲೂ ಅಂದ್ರ ಹಚ್ಚೂದು ರೀ ಅಕ್ಕಾ."

ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಮಿಸ್ತ್ರಿಗೆ. ಬೀಡಿ ಬಾಯಿಂದ ತೆಗೆದು, "ಅಯ್ಯೋ ನಿಜಮೇ ಮೇಡಂಗಾರೂ!" ಎಂದು ಕೂಗಿದ. ಹುಬ್ಬಳ್ಳಿ ಕಡೆಯ ಲಾರಿಗಳು ಅವನಲ್ಲಿಗೆ ರಿಪೇರಿಗೆ ಬರುತ್ತಿದ್ದವಂತೆ. ಒಮ್ಮೆ ಇವನು ಇಂಜಿನ್ನಿನೊಳಗೆ ಕೈಯಿಟ್ಟುಕೊಂಡು ಚಾಲು ಚಾಲು ಎಂದರೆ, ಮೇಲೆ ಕೂತ ಡ್ರೈವರು ಗಾಡಿ ಸ್ಟಾರ್ಟ್ ಮಾಡಿಬಿಟ್ಟನಂತೆ. "ಇದಿಗೋ" ಎಂದು ಎಡಗೈ ಎತ್ತಿ ತೋರಿಸಿದ. ಕಿರುಬೆರಳು ಅರ್ಧವೇ ಇತ್ತು. "ಅಂದಿನಿಂದ ಕರ್ನಾಟಕ ಬಂಡಿ ಬಂದರೆ ನಾನು ಬಾಯಿ ಬಿಡೋದೇ ಇಲ್ಲಮ್ಮಾ, ಬರೀ ಕೈ ತೋರಿಸತೀನಿ."

ಅಕ್ಕ ನಗಲಿಲ್ಲ. ಬೈಯಲೂ ಇಲ್ಲ. ನನ್ನನ್ನೇ ನೋಡಿ ಕೇಳಿದರು, "ಆಟೋದಲ್ಲಿ ಹೂಂ ಅಂ‌ದಿಯಲ್ಲ, ಯಾಕೆ?"

"ಭಯಮೇಸಿಂದಿ ಅಕ್ಕಾ" ಎಂದೆ. ಭಯವಾಯಿತು ಎನ್ನುವುದಕ್ಕೆ ಆಗ ನನಗೆ ತೆಲುಗೇ ಸಿಕ್ಕಿತು.

ಅವರು ಎದ್ದು ಹೋಗಿ ನಲ್ಲಿಯಲ್ಲಿ ಒಂದೇ ಕೈ ತೊಳೆದುಕೊಂಡರು, ಎಷ್ಟೋ ಹೊತ್ತು. ತಿರುಗಿ ಬಂದು, "ನಾಲ್ಕು ದಿನ, ಚೆಲ್ಲೀ" ಎಂದರು. ಅಷ್ಟೇ. ಹೊಡೆದಿದ್ದರೆ ಚೆನ್ನಾಗಿತ್ತು. ಆಮೇಲೆ ಮಿಸ್ತ್ರಿಯ ಕಡೆ ತಿರುಗಿ, ಮತ್ತೆ ಕೂಡಿಸು ಎಂದರು. "ಈಗ ತಾನೇ ಕೊಯ್ದೆನಲ್ಲಮ್ಮಾ!" ಎಂದು ಅವನು ತಲೆ ಚಚ್ಚಿಕೊಂಡ.

ಮಧ್ಯಾಹ್ನಕ್ಕೆ ಒಲೆ ಕೂಡಿತು, ನಡುವೆ ಉದ್ದಕ್ಕೆ ಒಂದು ದಪ್ಪ ಗಾಯದ ಗೆರೆ. ಇಷ್ಟಕ್ಕೇ ಮುಗಿಯಿತೆಂದು ನಾನು ತಿಳಿದಿದ್ದೆ. ಮುಗಿದಿರಲಿಲ್ಲ. ನಾನು ಹೇಳಿದ ಮಾತು ಸಮಿತಿಗೆ ಸಾಲದು, ಕಣ್ಣಿಗೆ ಕಾಣಬೇಕು ಎಂದರು ಅಕ್ಕ. ಶೆಡ್ಡಿನ ಹಿಂದಿನ ಬಯಲಿನಲ್ಲಿ ಹೊಟ್ಟು ತುಂಬಿಸಿದರು, ಹೊತ್ತಿಸಿದರು, ಬೇಕೆಂದೇ ಉರಿ ಆರಿಸಿದರು. ಅದೇ ಬಿಳಿಯ ಹೊಗೆ ಏಳತೊಡಗಿತು. ಉದ್ದನೆಯ ಕಂಬಿಯ ತುದಿಗೆ ಉರಿಯುವ ಚಿಂದಿ ಕಟ್ಟಿ ಮಿಸ್ತ್ರಿ ದೂರದಲ್ಲಿ ನಿಂತ. ಫ್ಯಾನಿಗೆ ಉದ್ದದ ವೈರು ಜೋಡಿಸಿ ತಿರುಪನ್ನು ಹತ್ತು ಹೆಜ್ಜೆ ಆಚೆಗೆ ತಂದಿದ್ದರು. ಅದನ್ನು ನನ್ನ ಕೈಯಲ್ಲಿ ಇಟ್ಟರು.

"ನಾ ಒಲ್ಲೆರಿ ಅಕ್ಕಾ" ಎಂದೆ. ನನಗೆ ಹೊಗೆಯಲ್ಲಿ ಚಿಕ್ಕಮ್ಮನ ಸೀರೆ ಕಾಣುತ್ತಿತ್ತು, ಸುಳ್ಳಲ್ಲ.

"ನೀನೇ ತಿರುವಬೇಕು. ನಿನ್ನ ಕೈಗೂ ಗೊತ್ತಾಗಲಿ, ಇದು ಒಲಿಯ ತಪ್ಪಲ್ಲ ಅಂತ" ಎಂದರು. ಸ್ವಲ್ಪ ತಡೆದು, "ನಿಂದೂ ಅಲ್ಲ ಅಂತ" ಎಂದರು. ಆಮೇಲೆ ಬಾಯಿ ಮುಚ್ಚಿ, ಮಿಸ್ತ್ರಿಯ ಹಾಗೆ ಬರೀ ಕೈ ತೋರಿಸಿದರು. ಅಂಗೈ ಕೆಳಗೆ: ಸೊನ್ನೆ. ಚಿಂದಿಯ ಉರಿ ಒಲೆಯ ಬಾಯಿ ನೆಕ್ಕಿ ಪುಸಕ್ಕನೆ ಆರಿತು. ಅಂಗೈ ಮೇಲೆ: ಪೂರ್ತಿ. ನಾನು ಕಣ್ಣು ಮುಚ್ಚಿ ತಿರುವಿದೆ. ಭುಗ್! ಮುಖಕ್ಕೆ ಝಳ ಬಡಿಯಿತು. "ಕಣ್ಣು ತೆರಿ!" ಎಂದು ಗದರಿದರು. ಎರಡನೆಯ ಸಲ ಅರ್ಧ ತೆರೆದೆ. ಮೂರನೆಯ ಸಲ ಪೂರ್ತಿ ತೆರೆದು ನೋಡಿದೆ. ಬೆಂಕಿಯನ್ನು ನಾನು ಎದುರೆದುರು ನೋಡಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಅಕ್ಕ ಒಂದೇ ಕಣ್ಣಿನಲ್ಲಿ ಬರೆದುಕೊಳ್ಳುತ್ತಿದ್ದರು. ಮೂರು ಸಲ ಸೊನ್ನೆ, ಮೂರು ಸಲ ಪೂರ್ತಿ. ಆರೂ ಸಲ ನಾನು ಕೈ ಮುಗಿದದ್ದನ್ನೂ ಬರೆದುಕೊಂಡರೋ ಏನೋ...

ಮುಂದಿನ ಶುಕ್ರವಾರ ಗಾಯದ ಗೆರೆಯ ಒಲೆಯನ್ನೇ ಸಮಿತಿಯ ಮುಂದೆ ಇಟ್ಟರು. ರೇಡಿಯೋ ತಿರುಪು ಹೋಗಿ ಒಂದು ಹಿಡಿಕೆ ಬಂದಿತ್ತು. ಕೆಳಗಿದ್ದರೆ ಗಾಳಿ ಇಲ್ಲ, ಮೇಲಿದ್ದರೆ ಇದೆ, ಕೈ ಬಿಟ್ಟರೆ ತಾನೇ ಕೆಳಗೆ ಬೀಳುತ್ತದೆ. ಯಾವ ಭಾಷೆಯವರಿಗೂ ಮಾತು ಬೇಡ. ನಡೆದದ್ದನ್ನೆಲ್ಲ ವರದಿಯಲ್ಲಿ ಬರೆದಿದ್ದರು, ನನ್ನ ಹೆಸರಿಲ್ಲದೆ: ಒಲೆ ಉರಿಸಿದವರ ತಪ್ಪಿಲ್ಲ, ಅವರಿಗೆ ತಿಳಿಯದ ಮಾತಿನಲ್ಲಿ ಹೇಳಿದ್ದು ಸಂಶೋಧಕಿಯ ತಪ್ಪು. ನಾಲ್ಕು ದಿನದ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಸೀಟು ಗಟ್ಟಿಯಾಯಿತು. ಪಟ್ಟಿ ಬಿಚ್ಚಿದಾಗ ಕಣ್ಣೂ ಉಳಿದಿತ್ತು, ಸ್ವಲ್ಪ ಮಸುಕು, ಗಾಳಿಗೆ ನೀರು ಸುರಿಸುತ್ತಿತ್ತು. ಹುಬ್ಬು ಮಾತ್ರ ಮತ್ತೆ ಬರಲಿಲ್ಲ. ಕಾಡಿಗೆಯಿಂದ ಬರೆದುಕೊಳ್ಳಿ ಎಂದರೆ, "ಇಷ್ಟು ವರ್ಷ ಮಸಿ ತೊಳೆದುಕೊಂಡಿದ್ದೇ ಸಾಕು" ಎನ್ನುವರು.

ಮರುವರ್ಷ ಯಜಮಾನರು ಬೀದರದ ಕಡೆಯ ಕಾರ್ಖಾನೆಗೆ ಬಂದರು. ಅಕ್ಕನ ಕಾಗದಗಳು ವರ್ಷಗಟ್ಟಲೆ ಬರುತ್ತಿದ್ದವು. ತೆಲುಗು ಅಕ್ಷರ ನಮ್ಮವೇ ತಲೆಕಟ್ಟು ಬದಲಿಸಿಕೊಂಡ ಹಾಗಿರುತ್ತವೆ, ತಡವರಿಸಿ ಓದಿಕೊಳ್ಳುತ್ತಿದ್ದೆ. ಕೊನೆಯ ಕಾಗದದಲ್ಲಿ, ಪ್ರಬಂಧ ಸಲ್ಲಿಸಿ ಆಯಿತು, ಇನ್ನು ವೈವಾ ಒಂದೇ, ಅದು ಮುಗಿದರೆ ನಾನು ಡಾಕ್ಟರು, ಫೋನ್ ಮಾಡು ಎಂದಿತ್ತು.

ಆಮೇಲೆ ಕಾಗದ ಬರಲಿಲ್ಲ. ಒಂದು ತಿಂಗಳು, ಎರಡು ತಿಂಗಳು. ವೈವಾದಲ್ಲಿ ಏನಾದರೂ ಆಯಿತೇ? ಆ ಒಲೆಯ ವಿಷಯವನ್ನೇ ಎತ್ತಿ ಯಾರಾದರೂ ಕೆಡಿಸಿದರೇ? ಕಣ್ಣಿಗೇನಾದರೂ... ಫೋನಿನ ಹತ್ತಿರ ಹೋಗುತ್ತಿದ್ದೆ, ಬರುತ್ತಿದ್ದೆ. ಯಜಮಾನರು, "ಹಚ್ಚಿ ಕೇಳಬಾರದಾ? ಫೋನೇನು ಕಡಿತೈತೇನು?" ಎಂದು ನಗುತ್ತಿದ್ದರು. "ನಾಳಿ ಹಚ್ತೀನ್ರಿ" ಎನ್ನುತ್ತಿದ್ದೆ. ಹೀಗೆ ಎಂಟು ತಿಂಗಳು.

ಕೊನೆಗೆ ಒಂದು ಬೆಳಿಗ್ಗೆ ಪೂಜೆ ಮುಗಿಸಿ, ಅದೇ ಧೈರ್ಯದಲ್ಲಿ ಭವಾನಿಪುರಂಗೆ ಹಚ್ಚಿದೆ. ತಾಯಿ ಎತ್ತಿಕೊಂಡರು. ನಾನು ಯಾರೆಂದು ಹೇಳಿದೆ. ಅವಳು ಹೋಗಿ ಮೂರು ತಿಂಗಳಾಯಿತಮ್ಮಾ ಎಂದರು. ಎದೆನೋವು ಎಂದಳಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ.

ನನಗೆ ಕೇಳಲು ತೋಚಿದ್ದು ಒಂದೇ. "ವೈವಾ?"

"ಆಯಿತಮ್ಮಾ. ಬಾಗಿಲಿಗೆ ಡಾಕ್ಟರ್ ಅಂತ ಬೋರ್ಡು ಬರೆಸಿದ್ದಳು. ಆ ಕನ್ನಡದ ಹುಡುಗಿಗೆ ನೀನೇ ಫೋನ್ ಮಾಡಿ ಹೇಳೇ ಅಂದೆ. ಬೇಡಮ್ಮಾ, ಅವಳಿಗೆ ಭಯ, ನಿಧಾನವಾಗಿ ತಾನೇ ಮಾಡುತ್ತಾಳೆ, ಮಾಡಲಿ ಅಂತಿದ್ದಳು."

ಈಗ ನನ್ನ ಮಗಳು ಕಾಲೇಜಿನ ಪ್ರಾಜೆಕ್ಟಿಗೆ ಏನು ಮಾಡಲಿ ಎಂದು ಕೇಳುತ್ತಿದ್ದಾಳೆ. ಅವಳಿಗೆ ಈ ಕಥೆ ಹೇಳಬೇಕೆಂದು ಕೂತವಳು ಹೇಳಲಾರದೆ ಬರೆಯುತ್ತಿದ್ದೇನೆ. ನನಗೆ ಸಿಕ್ಕ ದಯೆಗಳು ಕಡಿಮೆಯಲ್ಲ. ಅಕ್ಕನ ಕಣ್ಣು ಉಳಿಯಿತು. ಸೀಟು ಉಳಿಯಿತು. ಅವರು ಡಾಕ್ಟರೆಂದು ಕರೆಸಿಕೊಂಡೇ ಹೋದರು. ಐದನೆಯ ದಿನಕ್ಕೆ ಹೋಗದಂತೆ ದುರ್ಗಮ್ಮ ನನ್ನ ಬಾಯಿ ಬಿಡಿಸಿದಳು. ಆ ನಾಲ್ಕು ದಿನಗಳನ್ನು ಅಕ್ಕ ಎದುರಿಗೆ ನಿಂತು ಕೇಳಿದರು, ಕೇಳಿ ಕ್ಷಮಿಸಿದರು. ಆಮೇಲಿನ ಈ ಎಂಟು ತಿಂಗಳನ್ನು ಕೇಳಲು ಯಾರೂ ಇಲ್ಲ.